ಮಳೆಗಾಲಕ್ಕೆ ಮುಂಚೆ ಟಿಟಿ ಟಾಪಿಗೆ ವ್ಯಾಕ್ಸ್

ಹುಲಿಕಲ್ ಘಾಟಿಯ ಮೇಲಿನ ಮಾಸ್ತಿಕಟ್ಟೆ, ರಾಜ್ಯದ ಅತಿ ಹೆಚ್ಚು ಮಳೆಯ ಸೀಮೆಗಳಲ್ಲೊಂದು. ಇಲ್ಲಿ ಮರದಡಿ ನಿಲ್ಲುವ ಟಿಟಿಯ, ಅಂದರೆ ಟೆಂಪೊ ಟ್ರಾವೆಲರ್‌ನ, ಟಾಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲದಲ್ಲಿ ಎಲೆ ಕೊಳೆತು ಪಾಚಿ ಕಟ್ಟುತ್ತದೆ, ಬೇಸಿಗೆಯಲ್ಲಿ ಬಣ್ಣ ಮಂಕಾಗುತ್ತದೆ.

ಟಾಪು ತೊಳೆದು ವ್ಯಾಕ್ಸ್ ಹಚ್ಚುವ ಕೆಲಸ ನೆರಳಲ್ಲೇ ಆಗಬೇಕು, ತಗಡು ತಣ್ಣಗಿರಬೇಕು. ಟಾಪಿನ ಮೇಲೆ ಹತ್ತುವುದು ಅಪಾಯ: ಸೋಪಿನ ನೀರಿಗೆ ಕಾಲು ಜಾರುತ್ತದೆ, ತಗಡೂ ತಗ್ಗುತ್ತದೆ. ಪಕ್ಕದಲ್ಲೊಂದು ಗಟ್ಟಿ ಅಟ್ಟಣಿಗೆ ಇದ್ದರೆ ಒಂದೊಂದು ಬದಿಯಿಂದ ಅರ್ಧರ್ಧ ಮುಗಿಸಬಹುದು.

ತೊಳೆದು ಒಣಗಿಸಿದ ಮೇಲೆ ಪಾಲಿಷ್. ಅದು ಮಂಕಾದ ಮೇಲ್ಪದರವನ್ನು ಕೊಂಚ ಸವೆಸುತ್ತದೆ, ಹಾಗಾಗಿ ಪದೇ ಪದೇ ಬೇಡ. ವ್ಯಾಕ್ಸ್ ಬಣ್ಣವನ್ನು ಸವೆಸದೆ ಮುಚ್ಚಿ ಕಾಯುತ್ತದೆ. ತೆಳುವಾಗಿ ಸವರಿ, ಆರಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ನೀರು ಹನಿಹನಿಯಾಗಿ ಜಾರುತ್ತದೆ.

ತಗಡಿನ ಸಂದಿಯ ಸೀಲರ್ ಬಿರುಕು ಬಿಟ್ಟಿದ್ದರೆ ವ್ಯಾಕ್ಸ್ ನಂಬಿ ಕೂರುವಂತಿಲ್ಲ. ಮೊದಲು ಅದನ್ನು ಸರಿಮಾಡಿಸಲೇಬೇಕು.