ಬೆಕ್ಕು ಕಚ್ಚುವ ಮೊದಲು ಏನು ಹೇಳುತ್ತದೆ?

ಹಳ್ಳಿಯಾಗಲಿ, ಪಟ್ಟಣವಾಗಲಿ, ಬೆಕ್ಕು ಇಲ್ಲದ ಓಣಿ ಸಿಗುವುದು ಕಷ್ಟ. ಇಲಿಗಳ ಕಾಟ ತಪ್ಪಲೆಂದು ಸಾಕಿದವರು ಕೆಲವರು. ತಾನಾಗಿಯೇ ಬಂದು ಅಡುಗೆಮನೆಯ ಮೂಲೆ ಹಿಡಿದ ಬೆಕ್ಕಿಗೆ ಹಾಲು ಅನ್ನ ಹಾಕುತ್ತಾ ಬಂದವರು ಹಲವರು. ಹೀಗೆ ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದರೂ ಅದರ ಸ್ವಭಾವ ನಮಗೆ ಪೂರ್ತಿ ಅರ್ಥವಾಗಿರುವುದಿಲ್ಲ. ನಾಯಿ ಕಚ್ಚಿದರೆ ಗಾಬರಿಯಿಂದ ಆಸ್ಪತ್ರೆಗೆ ಓಡುವ ನಾವು, ಬೆಕ್ಕು ಕಚ್ಚಿದರೆ "ಬೆಕ್ಕು ತಾನೆ, ಏನಾಗುತ್ತದೆ" ಎಂದು ಅರಿಶಿನ ಮೆತ್ತಿ ಸುಮ್ಮನಾಗುತ್ತೇವೆ. ಈ ಉದಾಸೀನ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಈ ಲೇಖನದಲ್ಲಿ ಮೊದಲು ಬೆಕ್ಕಿನ ನಡವಳಿಕೆಯನ್ನು ತಿಳಿಯೋಣ, ಆಮೇಲೆ ಕಚ್ಚಿದಾಗ ಮಾಡಬೇಕಾದ್ದನ್ನು ನೋಡೋಣ.

ಬಾಲ, ಕಿವಿ, ಕಣ್ಣು

ಆರೋಗ್ಯವಾಗಿರುವ ಬೆಕ್ಕು ಕಾರಣವಿಲ್ಲದೆ ಕಚ್ಚುವುದು ಬಹಳ ಕಡಿಮೆ. ಕಚ್ಚುವ ಮೊದಲು ಅದು ಸಾಮಾನ್ಯವಾಗಿ ಎಚ್ಚರಿಕೆ ಕೊಟ್ಟೇ ಇರುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೆ.

ಬಾಲವನ್ನು ನೆಟ್ಟಗೆ ಮೇಲೆತ್ತಿ, ತುದಿಯನ್ನು ಸ್ವಲ್ಪ ಬಾಗಿಸಿಕೊಂಡು ಹತ್ತಿರ ಬಂದರೆ ಅದು ಸ್ನೇಹದ ಲಕ್ಷಣ. ನಿಮ್ಮ ಕಾಲಿಗೆ ಕೆನ್ನೆಯನ್ನೂ ಮೈಯನ್ನೂ ಉಜ್ಜಿದರೆ ತನ್ನ ವಾಸನೆಯನ್ನು ನಿಮಗೆ ಅಂಟಿಸುತ್ತಿದೆ ಎಂದರ್ಥ. ಬೆಕ್ಕಿನ ಕೆನ್ನೆ, ಹಣೆ, ಬಾಲದ ಬುಡದಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟು, ಮಂಚದ ಕಾಲು, ಮನೆಯವರ ಕಾಲು, ಎಲ್ಲದಕ್ಕೂ ಅದು ಹೀಗೆ ತನ್ನ ಗುರುತು ಹಾಕಿಕೊಳ್ಳುತ್ತದೆ. ಗೋಣಿಚೀಲವನ್ನೋ ಕಂಬವನ್ನೋ ಉಗುರಿನಿಂದ ಕೆರೆಯುವುದು ಸಹ ಹಟದಿಂದಲ್ಲ. ಉಗುರಿನ ಹಳೆಯ ಪದರ ಕಳಚಿಕೊಳ್ಳಲು ಮತ್ತು ಗುರುತು ಬಿಡಲು ಅದು ಹಾಗೆ ಮಾಡುತ್ತದೆ. ಇದಕ್ಕೆ ಹೊಡೆದು ಪ್ರಯೋಜನವಿಲ್ಲ, ಕೆರೆಯಲು ಒಂದು ಹಳೆಯ ಗೋಣಿಯನ್ನು ಬೇರೆಯಾಗಿ ಕೊಡಿ.

ಬಾಲವನ್ನು ಪಟಪಟನೆ ಅತ್ತಿತ್ತ ಬಡಿಯುವುದು ನೋಡಿದರೆ ಜಾಗ್ರತೆಯಾಗಿರಿ. ನಾಯಿ ಬಾಲ ಅಲ್ಲಾಡಿಸುವುದು ಬಹುತೇಕ ಸಂತೋಷಕ್ಕೆ, ಬೆಕ್ಕು ಬಾಲ ಬಡಿಯುವುದು ಸಿಟ್ಟಿಗೆ ಅಥವಾ ಕಿರಿಕಿರಿಗೆ. ಮಕ್ಕಳು ಮೋಸಹೋಗುವುದು ಇಲ್ಲಿಯೇ. ಬಾಲದ ಕೂದಲು ನಿಮಿರಿ ಬಾಟಲಿ ತೊಳೆಯುವ ಬ್ರಷ್ಷಿನಂತಾಗಿ, ಬೆನ್ನು ಬಿಲ್ಲಿನಂತೆ ಬಾಗಿದ್ದರೆ ಅದು ಹೆದರಿದೆ. ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಕಣ್ಣಿನ ಪಾಪೆ ಅಗಲವಾಗಿ, ಬುಸ್ಸೆನ್ನುತ್ತಿದ್ದರೆ ಅದು ಕೊನೆಯ ಎಚ್ಚರಿಕೆ. ಆಗ ಕೈ ಹಾಕಕೂಡದು, ಮೂಲೆಗೆ ಅಟ್ಟಲೂ ಕೂಡದು. ಓಡಿಹೋಗಲು ದಾರಿ ಬಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಅದು ಓಡಿಯೇ ಹೋಗುತ್ತದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ಎಲ್ಲರಿಗೂ ಗೊತ್ತು. ಆದರೆ ಅದು ನಿಮ್ಮನ್ನು ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ನಿಮ್ಮ ಹತ್ತಿರ ನಿಶ್ಚಿಂತೆಯಿಂದಿದೆ ಎಂದು ತಿಳಿಯಬಹುದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ತಿರುಗಿ ಮಿಟುಕಿಸುವುದು ಮತ್ತು ಹತ್ತಿರ ಬರುವುದು ಹೆಚ್ಚೆಂದು ಕಂಡುಬಂದಿತು. ದುರುಗುಟ್ಟಿ ನೋಡುವುದನ್ನು ಮಾತ್ರ ಬೆಕ್ಕು ಬೆದರಿಕೆ ಎಂದೇ ತಿಳಿಯುತ್ತದೆ.

ಗುರ್ ಎಂದರೆ ಸುಖವೇ?

ಮಡಿಲಲ್ಲಿ ಮಲಗಿ ಗುರ್ ಗುರ್ ಎನ್ನುವ ಬೆಕ್ಕು ಸಾಮಾನ್ಯವಾಗಿ ಸುಖವಾಗಿಯೇ ಇರುತ್ತದೆ. ಆದರೆ ಮರಿ ಹಾಕುವಾಗ, ಗಾಯವಾದಾಗ, ಕಾಯಿಲೆ ಬಿದ್ದಾಗ ಕೂಡ ಬೆಕ್ಕು ಗುರುಗುಟ್ಟುತ್ತದೆ. ಅನ್ನ ಬಿಟ್ಟು, ಮಂಚದ ಕೆಳಗೆ ಕತ್ತಲಲ್ಲಿ ಕುಳಿತು ಗುರುಗುಟ್ಟುತ್ತಿದ್ದರೆ ಅದು ಸುಖವಲ್ಲ, ಪಶುವೈದ್ಯರಿಗೆ ತೋರಿಸಬೇಕು. ನೋವನ್ನು ಅಡಗಿಸಿಡುವುದು ಬೆಕ್ಕಿನ ಸ್ವಭಾವ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ತಿಣುಕಿ, ಒಂದು ಹನಿಯೂ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅದೇ ದಿನ ಚಿಕಿತ್ಸೆ ಆಗದಿದ್ದರೆ ಉಳಿಯುವುದು ಕಷ್ಟ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜ್ವರವಿರಬಹುದೆಂದು ನಿಮ್ಮ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬೇಡಿ. ನಮಗೆ ಔಷಧವಾದ ಆ ಮಾತ್ರೆ ಬೆಕ್ಕಿಗೆ ವಿಷ, ಒಂದು ಮಾತ್ರೆಯಿಂದಲೇ ಸಾಯಬಹುದು.

ಮಿಯಾಂವ್ ಎನ್ನುವುದರ ವಿಷಯವೂ ಸ್ವಾರಸ್ಯವಾಗಿದೆ. ಮರಿಗಳು ತಾಯಿಯನ್ನು ಕರೆಯಲು ಹಾಗೆ ಕೂಗುತ್ತವೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕೂಗುವುದು ಅಪರೂಪ, ಆ ಕೂಗು ಹೆಚ್ಚಾಗಿ ಮನುಷ್ಯರಿಗಾಗಿಯೇ ಇರುತ್ತದೆ. ಅಂದರೆ ನಮ್ಮನ್ನು ಎಬ್ಬಿಸುವ ಉಪಾಯವನ್ನು ಅದು ಚೆನ್ನಾಗಿ ಕಲಿತಿದೆ!

ಮಡಿಲಲ್ಲಿದ್ದ ಬೆಕ್ಕು ಕಚ್ಚಿದ್ದೇಕೆ?

"ಸುಮ್ಮನೆ ಸವರುತ್ತಿದ್ದೆ, ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಿತು" ಎನ್ನುವವರೇ ಹೆಚ್ಚು. ಸವರುವುದು ಬೆಕ್ಕಿಗೆ ಸ್ವಲ್ಪ ಹೊತ್ತು ಹಿತ, ಅತಿಯಾದರೆ ಕಿರಿಕಿರಿ. ಬಾಲದ ತುದಿ ಆಡತೊಡಗುತ್ತದೆ, ಬೆನ್ನ ಮೇಲಿನ ಚರ್ಮ ಅದುರುತ್ತದೆ, ಕಿವಿ ಪಕ್ಕಕ್ಕೆ ತಿರುಗುತ್ತದೆ, ಗುರ್ ಸದ್ದು ನಿಂತುಹೋಗುತ್ತದೆ. ಇಷ್ಟಾದ ಮೇಲೂ ಕೈ ತೆಗೆಯದಿದ್ದರೆ ಹಲ್ಲು ತಾಗುತ್ತದೆ. ಹೊಟ್ಟೆ ಮೇಲೆ ಮಾಡಿ ಮಲಗಿತೆಂದರೆ ಹೊಟ್ಟೆ ಸವರಿ ಎಂದು ಕರೆದಂತಲ್ಲ. ಅಲ್ಲಿ ಕೈ ಇಟ್ಟರೆ ನಾಲ್ಕೂ ಕಾಲಿನಿಂದ ಅಪ್ಪಿ ಕಚ್ಚುವ ಬೆಕ್ಕುಗಳೇ ಹೆಚ್ಚು. ಕಿವಿಯ ಹಿಂದೆ, ಗದ್ದದ ಕೆಳಗೆ ಸವರಿದರೆ ಸಾಕು.

ಊಟ ಮಾಡುತ್ತಿರುವ, ಮಲಗಿರುವ, ಮರಿ ಹಾಕಿರುವ ಬೆಕ್ಕಿನ ಹತ್ತಿರ ಚಿಕ್ಕ ಮಕ್ಕಳನ್ನು ಬಿಡಬಾರದು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದುಂಟು. ಏಳು ಎಂಬ ಲೆಕ್ಕ ಹೇಗೋ ಏನೋ, ಜನರು ಇಣುಕಿ ನೋಡಿದಷ್ಟೂ ತಾಯಿ ಬೆಕ್ಕು ಜಾಗ ಬದಲಿಸುವುದಂತೂ ನಿಜ. ಇನ್ನು ಹೊರಗಿನ ಬೆಕ್ಕಿನ ಜೊತೆ ಜಗಳವಾಡಿ ಬಂದ ಬೆಕ್ಕನ್ನು ಸಮಾಧಾನ ಮಾಡಲು ಎತ್ತಿಕೊಳ್ಳಬೇಡಿ. ಆ ಸಿಟ್ಟು ಎತ್ತಿಕೊಂಡವರ ಮೇಲೆ ತಿರುಗುತ್ತದೆ. ಜಗಳವಾಡುವ ಎರಡು ಬೆಕ್ಕುಗಳ ನಡುವೆ ಕೈ ಹಾಕುವ ಬದಲು ನೀರು ಎರಚಿ.

ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ

ವಾರ, ಹದಿನೈದು ದಿನ ಇಲ್ಲಿದ್ದು ಮನೆಗೆ ಹೋದ ರೋಗಿಯನ್ನು ಕಂಡು ಬೆಕ್ಕು ದೂರ ನಿಲ್ಲುವುದುಂಟು. "ನನ್ನನ್ನು ಮರೆತುಬಿಟ್ಟಿತು" ಎಂದು ವಯಸ್ಸಾದವರು ನೊಂದುಕೊಳ್ಳುತ್ತಾರೆ. ಮರೆತಿರುವುದಿಲ್ಲ. ಬೆಕ್ಕು ಜನರನ್ನು ಗುರುತಿಸುವುದರಲ್ಲಿ ವಾಸನೆಯ ಪಾಲು ದೊಡ್ಡದು, ನಿಮ್ಮ ಮೈಯಿಂದ ಬರುತ್ತಿರುವುದು ಔಷಧಿ, ಸ್ಪಿರಿಟ್ಟು, ಫಿನಾಯಿಲಿನ ವಾಸನೆ. ಎರಡು ಮೂರು ದಿನ ಬಿಡಿ, ಕರೆಯಬೇಡಿ, ಹಿಡಿಯಬೇಡಿ, ತಾನೇ ಬರುತ್ತದೆ.

ಬಂದ ಮೇಲೆ ಮಾತ್ರ ಎಚ್ಚರಿಕೆ ಬೇಕು. ಬೆಕ್ಕು ಮೆತ್ತನೆಯ ಜಾಗ ಕಂಡರೆ ಮುಂಗಾಲುಗಳಿಂದ ಹಿಟ್ಟು ನಾದಿದಂತೆ ಒತ್ತುತ್ತದೆ. ಮರಿಯಾಗಿದ್ದಾಗ ತಾಯಿಯ ಹಾಲು ಇಳಿಸಲು ಹೀಗೆ ಒತ್ತಿದ ಅಭ್ಯಾಸ ಅದಕ್ಕೆ ಉಳಿದಿರುತ್ತದೆ. ಪ್ರೀತಿಯ ಲಕ್ಷಣವೇ, ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರ ಹೊಲಿಗೆಯ ಮೇಲೆ ಆ ಉಗುರು ತಾಗಬಾರದು. ಹೊಲಿಗೆ ಬಿಚ್ಚಿ ಗಾಯ ಮಾಯುವವರೆಗೆ ಬೆಕ್ಕನ್ನು ಹಾಸಿಗೆಗೆ ಬಿಡಬೇಡಿ, ಗಾಯವನ್ನು ನೆಕ್ಕಲು ಬಿಡಲೇಬೇಡಿ. ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿರುವವರು ಸಣ್ಣ ಗೀರನ್ನೂ ಹಗುರವಾಗಿ ಕಾಣಬಾರದು. ಇವರ ಮೈಯಲ್ಲಿ ಸೋಂಕು ಬೇಗ ಹರಡುತ್ತದೆ.

ಗರ್ಭಿಣಿ ಇರುವ ಮನೆಯಿಂದ ಬೆಕ್ಕನ್ನು ಓಡಿಸಬೇಕೇ ಎಂಬ ಸಂದೇಹ ಹಲವರಿಗೆ ಇರುತ್ತದೆ. ಓಡಿಸಬೇಕಾಗಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದಲ್ಲಿ ಬರಬಹುದು ಮತ್ತು ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಹುದು. ಆದರೆ ಮಲ ಬಿದ್ದ ಕೂಡಲೇ ಅದು ಸೋಂಕು ತರುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ಆದ್ದರಿಂದ ಪ್ರತಿದಿನ ಮಲ ತೆಗೆಯಬೇಕು, ಆ ಕೆಲಸವನ್ನು ಮನೆಯ ಬೇರೆಯವರು ಮಾಡಬೇಕು. ಹಿತ್ತಲಿನ ಮಣ್ಣಿನಲ್ಲಿ ಕೆಲಸ ಮಾಡಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ತರಕಾರಿ ಚೆನ್ನಾಗಿ ತೊಳೆಯುವುದು ಅಷ್ಟೇ ಮುಖ್ಯ. ಮನೆಯಲ್ಲಿ ಉಬ್ಬಸದವರು ಇದ್ದರೆ ವೈದ್ಯರಿಗೆ ಬೆಕ್ಕು ಇರುವ ವಿಷಯ ತಿಳಿಸಿ. ಅಲರ್ಜಿ ತರುವ ಅಂಶ ಬೆಕ್ಕಿನ ಜೊಲ್ಲಿನಲ್ಲಿ ಮತ್ತು ಚರ್ಮದಲ್ಲಿ ಇರುತ್ತದೆ.

ಕಚ್ಚಿದರೆ, ಪರಚಿದರೆ

ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣದು, ಚೂಪು. ಮೇಲೆ ಚುಕ್ಕಿಯಷ್ಟು ಗಾಯ, ಒಳಗೆ ಆಳ. ಬಾಯಿಯಲ್ಲಿರುವ ರೋಗಾಣು ಆಳಕ್ಕೆ ಇಳಿದು, ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನಾಯಿ ಕಡಿತಕ್ಕಿಂತ ಬೆಕ್ಕಿನ ಕಡಿತ ಕೀವಾಗುವುದು ಹೆಚ್ಚು, ಅದರಲ್ಲೂ ಕೈ ಬೆರಳು ಮತ್ತು ಕೀಲಿನ ಹತ್ತಿರ. ಒಂದು ದಿನದೊಳಗೆ ಕೆಂಪಾಗಿ, ಬಾತು, ಬಿಸಿಯಾಗಿ, ನೋವು ಹೆಚ್ಚಿದರೆ ತಡಮಾಡಕೂಡದು. ಪರಚಿದ ಕೆಲವು ದಿನಗಳ ಮೇಲೆ ಕಂಕುಳಲ್ಲಿ ಅಥವಾ ಕುತ್ತಿಗೆಯಲ್ಲಿ ಗಡ್ಡೆ ಬಂದು ಜ್ವರ ಕಾಣಿಸಿದರೂ ಬೆಕ್ಕು ಪರಚಿದ್ದನ್ನು ವೈದ್ಯರಿಗೆ ಹೇಳಿ. ಚಿಗಟಗಳ ಮೂಲಕ ಬೆಕ್ಕಿಗೆ ಬರುವ ಒಂದು ರೋಗಾಣು ಪರಚಿದಾಗ ನಮಗೆ ಅಂಟುವುದುಂಟು.

ಎಲ್ಲಕ್ಕಿಂತ ಭಯಂಕರವಾದದ್ದು ರೇಬಿಸ್, ನಾವು ಹುಚ್ಚುನಾಯಿ ರೋಗ ಎನ್ನುವುದು. ನಮ್ಮ ದೇಶದಲ್ಲಿ ಇದು ಬಹುಪಾಲು ನಾಯಿಯಿಂದಲೇ ಬರುತ್ತದೆ, ಆದರೆ ಹುಚ್ಚುನಾಯಿ ಕಚ್ಚಿದ ಬೆಕ್ಕಿನಿಂದಲೂ ಬರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಲಕ್ಷಣ ಕಾಣುವ ಮೊದಲು ಸರಿಯಾಗಿ ಲಸಿಕೆ ಪಡೆದರೆ ಪೂರ್ತಿ ತಡೆಯಬಹುದು. ಇಲ್ಲಿಯೇ ಬೆಕ್ಕಿನ ನಡವಳಿಕೆ ತಿಳಿದಿರುವುದು ಪ್ರಯೋಜನಕ್ಕೆ ಬರುತ್ತದೆ. ಯಾವ ಎಚ್ಚರಿಕೆಯನ್ನೂ ಕೊಡದೆ ಎಗರಿ ಕಚ್ಚಿದ ಸಾಧು ಬೆಕ್ಕು, ಕಂಡರೆ ಓಡುತ್ತಿದ್ದದ್ದು ಈಗ ಮೈಮೇಲೆ ಬರುವ ಬೀದಿಬೆಕ್ಕು, ದನಿ ಬದಲಾಗಿ ಜೊಲ್ಲು ಸುರಿಸುತ್ತಾ, ಹಿಂಗಾಲು ಎಳೆಯುತ್ತಾ ತೂರಾಡುವ ಬೆಕ್ಕು, ಇವು ಅನುಮಾನಕ್ಕೆ ಕಾರಣ. ಹಾಗೆಂದು ಬೆಕ್ಕು ಚೆನ್ನಾಗಿಯೇ ಕಾಣುತ್ತಿದೆ ಎಂದು ಲಸಿಕೆ ಬಿಡುವುದೂ ತಪ್ಪು. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಅದರ ಜೊಲ್ಲಿನಲ್ಲಿ ರೋಗಾಣು ಇರಬಹುದು.

ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ, ನಲ್ಲಿ ಅಥವಾ ಚೊಂಬಿನಿಂದ ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, 15 ನಿಮಿಷ ಎಂದರೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿಪುಡಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ, ಬಿಗಿಯಾಗಿ ಕಟ್ಟಬೇಡಿ. ಆಮೇಲೆ ಅದೇ ದಿನ ಆಸ್ಪತ್ರೆಗೆ ಬನ್ನಿ. ರಕ್ತ ಬಾರದ ಸಣ್ಣ ಗೀರಿಗೂ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ, ಅಥವಾ ಗಾಯವಿದ್ದ ಜಾಗವನ್ನು ಬೆಕ್ಕು ನೆಕ್ಕಿದ್ದರೆ, ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನೂ ಚುಚ್ಚಬೇಕಾಗುತ್ತದೆ. ಧನುರ್ವಾಯುವಿನ ಇಂಜೆಕ್ಷನ್ ಬೇರೆ, ಇದು ಬೇರೆ. ಟಿ.ಟಿ. ಹಾಕಿಸಿಕೊಂಡೆ, ಇನ್ನೇನು ಬೇಡ ಎಂದು ಮನೆಗೆ ಹೋಗಬೇಡಿ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಈಗಲೂ ಕೆಲವರಲ್ಲಿದೆ. ಆ ಹಳೆಯ ಲಸಿಕೆಯನ್ನು ದೇಶದಲ್ಲಿ 2005ರ ಹೊತ್ತಿಗೇ ನಿಲ್ಲಿಸಲಾಯಿತು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಪದ್ಧತಿಯಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಬರಬೇಕು. ಸ್ನಾಯುವಿಗೆ ಹಾಕುವುದಾದರೆ 14ನೆಯ ದಿನವೂ ಸೇರುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಗಾಯ ಮಾಯಿತೆಂದು ನಡುವೆ ಬಿಡಬಾರದು. ಗರ್ಭಿಣಿಯರಿಗೂ, ಹಾಲು ಕುಡಿಸುವ ತಾಯಂದಿರಿಗೂ, ಎಳೆಯ ಮಕ್ಕಳಿಗೂ ಕೊಡಬಹುದು.

ಕಚ್ಚಿದ ಬೆಕ್ಕನ್ನು ಹೊಡೆದು ಕೊಲ್ಲುವುದು, ಗೋಣಿಚೀಲದಲ್ಲಿ ಕಟ್ಟಿ ಬೇರೆ ಊರಿಗೆ ಬಿಟ್ಟುಬರುವುದು ಬೇಡ. ಅದನ್ನು ಹತ್ತು ದಿನ ಕಣ್ಣಳತೆಯಲ್ಲಿಟ್ಟು ಗಮನಿಸಬೇಕು. ಆದರೆ ನೋಡೋಣವೆಂದು ಕಾಯದೆ ಲಸಿಕೆಯನ್ನು ಮೊದಲ ದಿನವೇ ಆರಂಭಿಸಿರಬೇಕು. ಹತ್ತು ದಿನವಾದ ಮೇಲೂ ಬೆಕ್ಕು ಆರೋಗ್ಯವಾಗಿದ್ದರೆ ಮುಂದಿನ ಇಂಜೆಕ್ಷನ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಸತ್ತರೆ ಅಥವಾ ತಪ್ಪಿಸಿಕೊಂಡು ಹೋದರೆ ಆ ವಿಷಯವನ್ನು ಕೂಡಲೇ ಬಂದು ತಿಳಿಸಿ. ಸಾಕಿದ ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸುತ್ತಿರಿ. ಲಸಿಕೆ ಚೀಟಿ ಇದ್ದರೆ ನೀವು ಕಚ್ಚಿಸಿಕೊಂಡು ಬರುವಾಗ ಅದನ್ನೂ ತನ್ನಿ.