ಹದಿನೈದು ಸಲ ಅರ್ಧವಾದರೆ ಒಂದು ಸೆಕೆಂಡ್

ಕುಣಿಗಲ್ ಕಡೆಯ ತೋಟಗಳಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗಲೇ ನೀರು. ನಡುರಾತ್ರಿ ಬಂದರೆ ನಡುರಾತ್ರಿ. ಅದಕ್ಕೇ ಪಂಪ್‌ಮನೆಯ ಗೋಡೆಯಲ್ಲೊಂದು ಆಟೋ ಸ್ಟಾರ್ಟರ್. ಕರೆಂಟ್ ಬಂದರೆ ಅದು ಮೋಟಾರ್ ಓಡಿಸಬೇಕು, ಒಂದು ಫೇಸ್ ಹೋದರೆ ನಿಲ್ಲಿಸಬೇಕು, ಕೊಳವೆಬಾವಿ ಬತ್ತಿದರೂ ನಿಲ್ಲಿಸಬೇಕು. ತಡವಾದರೆ ಕಾಯಿಲ್ ಸುಟ್ಟಿತು, ಮೋಟಾರ್ ಮೇಲೆತ್ತಿಸುವ ಖರ್ಚು ಬಿತ್ತು.

ಈಗಿನ ಹಲವು ಸ್ಟಾರ್ಟರ್‌ಗಳಲ್ಲಿ ಈ ಕಾವಲು ಕಾಯುವುದು ಉಗುರಗಲದ ಮೈಕ್ರೋಕಂಟ್ರೋಲರ್. ಯಂತ್ರದೊಳಗೇ ಕೂತು ಅದನ್ನು ನಡೆಸುವ ಇಂಥ ಪುಟ್ಟ ಕಂಪ್ಯೂಟರಿಗೆ ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರೆ. ಇಲ್ಲಿ ಸರಿಯುತ್ತರವೂ ತಡವಾಗಿ ಬಂದರೆ ತಪ್ಪುತ್ತರವೇ.

ಕುಣಿಗಲ್ ಇರುವ ತುಮಕೂರು ಜಿಲ್ಲೆಗೆ ಹೊತ್ತು ತಪ್ಪದೆ ನಡೆಯುವ ಈ ವಿದ್ಯೆ ಹೊಸದಲ್ಲ. 1978ರಲ್ಲಿ ಇಲ್ಲಿಗೆ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಬಂತು. ಮುಂದೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕ್ವಾರ್ಟ್ಜ್ ಗಡಿಯಾರಗಳೂ ತಯಾರಾದವು. ಕ್ವಾರ್ಟ್ಜ್ ಗಡಿಯಾರದ ಒಳಗುಟ್ಟು ಬಲು ಸೊಗಸು. ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಚಿಪ್ ಅರ್ಧ, ಅರ್ಧದಲ್ಲಿ ಅರ್ಧ ಎಂದು ಹದಿನೈದು ಸಲ ಇಳಿಸಿದರೆ ಉಳಿಯುವುದು ಒಂದೇ ಮಿಡಿತ. ಆ ಮಿಡಿತಕ್ಕೆ ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಜಾಗ ಇಸ್ರೊ ಪಾಲಾಯಿತು.

ಗಡಿಯಾರದ್ದಿರಲಿ, ಸ್ಟಾರ್ಟರಿನದಿರಲಿ, ಚಿಪ್ಪಿನೊಳಗೆ ಲಕ್ಷ, ಕೋಟಿ ಲೆಕ್ಕದ ಟ್ರಾನ್ಸಿಸ್ಟರ್‌ಗಳಿದ್ದರೆ ನಕ್ಷೆಯನ್ನು ಕೈಯಲ್ಲಿ ಬರೆದು ಪೂರೈಸಲಾಗದು. ಆಗ ನೆರವಿಗೆ ಬರುವುದು ಎಲೆಕ್ಟ್ರಾನಿಕ್ ಡಿಸೈನ್ ಆಟೋಮೇಷನ್. ಎಂಜಿನಿಯರು ವೆರಿಲಾಗ್ ಭಾಷೆಯಲ್ಲಿ ಚಿಪ್ ಮಾಡಬೇಕಾದ್ದನ್ನು ಬರೆದುಕೊಡುತ್ತಾರೆ. ತಂತ್ರಾಂಶ ಅದನ್ನು ಗೇಟ್‌ಗಳೆಂಬ ಪುಟ್ಟ ತರ್ಕಮಂಡಲಗಳಾಗಿ ಬಿಡಿಸಿ, ಎಲ್ಲಿ ಕೂರಿಸಬೇಕು, ತಂತಿ ಹೇಗೆ ಎಳೆಯಬೇಕು ಎಂದು ಹುಡುಕುತ್ತದೆ. ಮುಂದಿನ ಮಿಡಿತದೊಳಗೆ ಸಂಕೇತ ಗುರಿ ಮುಟ್ಟೀತೇ ಎಂಬ ಪರೀಕ್ಷೆಯೂ ಅದರದೇ. ಸಿಲಿಕಾನಿನಲ್ಲಿ ಒಮ್ಮೆ ಅಚ್ಚಾದ ತಪ್ಪನ್ನು ಅಳಿಸುವಂತಿಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಮೊದಲು ಕೈಗೆತ್ತಿಕೊಂಡದ್ದು ಇಂಥ ತಂತ್ರಾಂಶದ ಕೆಲಸವನ್ನೇ.

ಈ ವಿದ್ಯೆಯ ಮೊದಲ ಪಾಠ ನಡೆಯುವುದು ಕಾಲೇಜಿನ ಲ್ಯಾಬುಗಳಲ್ಲಿ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ 1963ರದು, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯ 2001ರದು. ಚಿಪ್ ಅಚ್ಚು ಹಾಕಿಸುವುದು ದುಬಾರಿಯಾದ್ದರಿಂದ ವಿದ್ಯಾರ್ಥಿಗಳಿಗೆ ಎಫ್‌ಪಿಜಿಎ ಬೋರ್ಡೇ ಆಸರೆ. ಬರೆದ ವಿನ್ಯಾಸವನ್ನು ಅದರಲ್ಲಿ ಅಳಿಸಿ ಮತ್ತೆ ತುಂಬಬಹುದು. ಕೊನೆಯ ವರ್ಷದ ಪ್ರಾಜೆಕ್ಟ್‌ಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ನೆರವು ನೀಡುತ್ತಿದೆ. ಪಂಪ್‌ಮನೆಯ ಸಮಸ್ಯೆಗಳನ್ನು ಎತ್ತಿಕೊಳ್ಳುವ ಮಕ್ಕಳು ಇನ್ನೂ ಹೆಚ್ಚಬೇಕು. ಅವರಲ್ಲಿ ಎಷ್ಟೋ ಮಂದಿಗೆ ಸುಟ್ಟ ಮೋಟಾರಿನ ವಾಸನೆ ಮನೆಯಲ್ಲೇ ಪರಿಚಯ.

ಇದೇ ವಿದ್ಯೆ ಆಕಾಶದಲ್ಲೂ ಕಾವಲು ಕಾಯುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಇಲ್ಲಿ ತಯಾರಿಸಲೆಂದು ಮೊದಲು ಆರಿಸಿಕೊಂಡದ್ದು 3 ಟನ್ ವರ್ಗದ ಹಗುರ ಹೆಲಿಕಾಪ್ಟರ್. ಅದರ ಎಂಜಿನ್ನಿಗೆ ಎಷ್ಟು ಇಂಧನ ಬೇಕೆಂದು ಲೆಕ್ಕಹಾಕುವುದೂ ಎಂಬೆಡೆಡ್ ಕಂಪ್ಯೂಟರೇ. ಅದರಲ್ಲಿ ಎರಡು ಚಾನೆಲ್‌ಗಳು. ಒಂದು ಕೈಕೊಟ್ಟರೆ ಇನ್ನೊಂದು ಹೊಣೆ ಹೊರುತ್ತದೆ. ಕಾರ್ಖಾನೆ ಉದ್ಘಾಟನೆಗೆ ಮೊದಲೇ, 2020ರಲ್ಲಿ, ಈ ಮಾದರಿಯ ಹೆಲಿಕಾಪ್ಟರ್ ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ, ಗಾಳಿ ತೆಳುವಾದ 5,000 ಮೀಟರ್ ಎತ್ತರದಲ್ಲಿ ಹಾರಾಟದ ಪರೀಕ್ಷೆ ಎದುರಿಸಿತು.