ಸದ್ದಿಲ್ಲದ ದಾರಿ ಹುಡುಕುವುದು ಹೇಗೆ?



ನಮ್ಮ ಶಾಲೆಯಲ್ಲಿ ಈ ವರ್ಷ ಸೈಕಲ್ ಮೇಲೆ ಬರುವವರು ಜಾಸ್ತಿ ಆಗಿದ್ದೀರಿ. ನೋಡಿದರೆ ಖುಷಿ ಆಗುತ್ತೆ. ಆದರೆ ಕೆಲವರು ಊರೊಳಗಿನ ದಾರಿ ಬಿಟ್ಟು ಹೈವೇ ಹಿಡಿದು ಬರುತ್ತಿರುವುದು ನನ್ನ ಕಿವಿಗೆ ಬಿದ್ದಿದೆ. ಕೇಳಿದರೆ, "ಹೈವೇ ನುಣ್ಣಗಿದೆ ಸಾರ್, ಬೇಗ ಬರಬಹುದು" ಅಂತೀರಿ. ನಿಮ್ಮನ್ನು ಬೈಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಸೈಕಲ್ ತುಳಿಯೋದು ಹೇಗೆ ಒಂದು ವಿದ್ಯೆಯೋ, ದಾರಿ ಆರಿಸೋದೂ ಹಾಗೇ ಒಂದು ವಿದ್ಯೆ. ಅದನ್ನು ಕಲಿತರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ. ಅದು ಹಲಸೂರಿನ ಪಕ್ಕ, ಹಳೇ ಮದ್ರಾಸು ರಸ್ತೆಗೆ ಹತ್ತಿರ. ಹುಡುಗರಾಗಿದ್ದಾಗ ನಾವು ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಗೊಂಡು, ಬಾರ್ ಒಳಗೆ ಕಾಲು ತೂರಿಸಿ ತುಳಿಯೋದು ಕಲಿತದ್ದು ಅಲ್ಲಿನ ಅಡ್ಡರಸ್ತೆಗಳಲ್ಲಿ. ಮಗ್ಗುಲಲ್ಲೇ ದೊಡ್ಡ ರಸ್ತೆಯಲ್ಲಿ ಬಸ್ಸು, ಲಾರಿಗಳ ಅಬ್ಬರ. ನಮ್ಮ ಬೀದಿಯಲ್ಲಿ ಮಾತ್ರ ತರಕಾರಿ ಗಾಡಿ, ಹಾಲಿನವರ ಸೈಕಲ್ಲು, ಅಷ್ಟೇ. ಎರಡೂ ಒಂದೇ ಊರಿನ ರಸ್ತೆ. ಒಂದರಲ್ಲಿ ಗದ್ದಲ, ಇನ್ನೊಂದರಲ್ಲಿ ಇಲ್ಲ. ಯಾಕೆ?

ಮೊದಲನೇ ಸೂತ್ರ: ಪಕ್ಕದಲ್ಲಿ ದೊಡ್ಡ ರಸ್ತೆ ಇರಬೇಕು

ಉತ್ತರ ಸುಲಭ. ದೂರ ಹೋಗುವ ವಾಹನಗಳನ್ನೆಲ್ಲ ಹಳೇ ಮದ್ರಾಸು ರಸ್ತೆ ಎಳೆದುಕೊಳ್ಳುತ್ತಿತ್ತು. ಅದಕ್ಕೇ ಪಕ್ಕದ ಬೀದಿ ಉಸಿರಾಡುತ್ತಿತ್ತು. ಅಂದರೆ ಸದ್ದಿಲ್ಲದ ದಾರಿ ತಾನಾಗಿ ಸದ್ದಿಲ್ಲದೆ ಇರುವುದಿಲ್ಲ. ಅದರ ಗದ್ದಲವನ್ನು ಹತ್ತಿರದ ಇನ್ನೊಂದು ರಸ್ತೆ ಹೊತ್ತಿರುತ್ತೆ.

ಫ್ರಾನ್ಸ್ ದೇಶದ ಹಳ್ಳಿಗಾಡಿಗೆ ಸೈಕಲ್ ತುಳಿಯಲು ಲೋಕದ ಮೂಲೆಮೂಲೆಯಿಂದ ಜನ ಹೋಗುತ್ತಾರೆ. ಅಲ್ಲಿಯೂ ಗುಟ್ಟು ಇದೇ. ದೂರದ ಲಾರಿ, ಕಾರುಗಳು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೋಗುತ್ತವೆ. ಅಲ್ಲಿ ಸೈಕಲ್ಲಿಗೆ ಪ್ರವೇಶವೇ ಇಲ್ಲ. ನಮ್ಮ ಜಿಲ್ಲಾ ರಸ್ತೆಗಳಂಥ ರಸ್ತೆಗಳಿಗೆ ಅಲ್ಲಿ 'ಡಿ' ಅಕ್ಷರದ ನಂಬರು ಕೊಟ್ಟಿದ್ದಾರೆ. ಅವುಗಳಲ್ಲಿ ಸಣ್ಣವು ಬಹುಪಾಲು ಟ್ರ್ಯಾಕ್ಟರಿಗೆ, ಊರಿನವರಿಗೆ, ಸೈಕಲ್ಲಿನವರಿಗೆ ಉಳಿದಿವೆ. ಊರಿನ ಹೊರಗೆ ಸೈಕಲ್ಲನ್ನು ಹಿಂದೆ ಹಾಕುವ ವಾಹನ ಕನಿಷ್ಠ ಒಂದೂವರೆ ಮೀಟರ್ ದೂರ ಬಿಡಬೇಕು ಅಂತ ಅಲ್ಲಿ ಕಾನೂನೂ ಇದೆ.

ಎರಡನೇ ಸೂತ್ರ: ರಸ್ತೆ ಎಲ್ಲಿಗೆ ಹೋಗುತ್ತೆ ನೋಡಿ

ಪಟ್ಟಣದಿಂದ ಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಎಲ್ಲರಿಗೂ ಅವಸರ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಯಲ್ಲಿ ಅಷ್ಟು ಅವಸರ ಇಲ್ಲ. 2000ದ ಕೊನೆಗೆ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಎಷ್ಟೋ ಹಳ್ಳಿಗಳಿಗೆ ಡಾಂಬರು ಬಂತು. ಇಂಥ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಎದುರುಬದುರು ಎರಡು ಕಾರು ಬಂದರೆ ಇಬ್ಬರೂ ನಿಧಾನ ಮಾಡಲೇಬೇಕು, ಇಲ್ಲದಿದ್ದರೆ ದಾಟೋಕೇ ಆಗಲ್ಲ. ಹೊಸಕೋಟೆ–ಸೂಲಿಬೆಲೆ ರಸ್ತೆಯಲ್ಲಿ ಬಸ್ಸು ಓಡುತ್ತವೆ. ಅದರಿಂದ ಕವಲೊಡೆದು ಹಿಪ್ಪುನೇರಳೆ, ದ್ರಾಕ್ಷಿ, ರಾಗಿ ಹೊಲಗಳ ನಡುವೆ ನುಗ್ಗುವ ಸಣ್ಣ ರಸ್ತೆಗಳೇ ನಮ್ಮ 'ಡಿ' ರಸ್ತೆಗಳು.

ವೇಗ ಯಾಕೆ ಮುಖ್ಯ ಅಂತ ವಿಜ್ಞಾನದ ಪಾಠದಲ್ಲೇ ಇದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತೆ. ಬ್ರೇಕ್ ಹಾಕಿದ ಮೇಲೆ ವಾಹನ ಜಾರಿಕೊಂಡು ಹೋಗುವ ದೂರವೂ ಅಷ್ಟೇ ಹೆಚ್ಚುತ್ತೆ. ಗಂಟೆಗೆ 30 ಕಿ.ಮೀ. ವೇಗದ ವಾಹನಕ್ಕೆ ನಿಲ್ಲಲು ಒಂದು ಪಾಲು ಜಾಗ ಬೇಕಾದರೆ, 60ಕ್ಕೆ ನಾಲ್ಕು ಪಾಲು, 90ಕ್ಕೆ ಒಂಬತ್ತು ಪಾಲು. ಹೈವೇ ನುಣ್ಣಗಿರುವುದು ನಿಮ್ಮ ಸೈಕಲ್ಲಿಗೆ ಮಾತ್ರ ಅಲ್ಲ, ಹಿಂದೆ ಬರುವ ಲಾರಿಗೂ ಅಷ್ಟೇ ನುಣ್ಣಗಿದೆ. ಇದನ್ನು ಮರೆಯಬೇಡಿ.

ಮೂರನೇ ಸೂತ್ರ: ನೀರಿನ ಜೊತೆ ಹೋಗಿ

ಏರು ಸಿಕ್ಕರೆ ಏದುಸಿರು ಬರುತ್ತೆ. ಏರಿಲ್ಲದ ದಾರಿ ಬೇಕಾದರೆ ನೀರಿನ ಪಕ್ಕ ಹುಡುಕಿ, ಯಾಕಂದರೆ ನಿಂತ ನೀರು ಯಾವಾಗಲೂ ಸಮತಟ್ಟು. ಫ್ರಾನ್ಸಿನಲ್ಲಿ 1666ರಿಂದ 1681ರವರೆಗೆ ಕೆಲಸ ಮಾಡಿ, ತುಲೂಸ್ ಪಟ್ಟಣದಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ ಸುಮಾರು 240 ಕಿ.ಮೀ. ಉದ್ದದ ಕಾಲುವೆ ತೋಡಿದರು. ಕೆನಾಲ್ ದು ಮಿದಿ ಅಂತ ಅದರ ಹೆಸರು. ಹಿಂದೆ ಕುದುರೆಗಳು ದಡದ ಮೇಲೆ ನಡೆಯುತ್ತಾ ಹಗ್ಗದಿಂದ ದೋಣಿ ಎಳೆಯುತ್ತಿದ್ದವು. ಆ ದಡದ ದಾರಿಯಲ್ಲಿ ಈಗ ಸೈಕಲ್ಲಿನವರು ಹೋಗುತ್ತಾರೆ.

ನಮ್ಮಲ್ಲಿ ಕಾಲುವೆ ಇಲ್ಲದಿದ್ದರೂ ಕೆರೆ ಇವೆ. ಕೆ.ಆರ್. ಪುರದಿಂದ ಹೊಸಕೋಟೆಗೆ ಬರುವಾಗ ಸಿಗುವ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಕಟ್ಟಿಸಿದವರು ಒಬ್ಬ ವೀಳ್ಯದೆಲೆ ವ್ಯಾಪಾರಿ. ದಕ್ಷಿಣ ಪಿನಾಕಿನಿಯ ನೀರಿಗೆ ಕಾಯುವ ಹೊಸಕೋಟೆಯ ದೊಡ್ಡ ಕೆರೆಯೂ ಇದೆ. ಇನ್ನು ಊರೂರಿಗೂ ಸಣ್ಣ ಕೆರೆ, ಅದಕ್ಕೊಂದು ಏರಿ. ಏರಿಯ ಮೇಲಿನ ದಾರಿ ಮಟ್ಟವಾಗಿರುತ್ತೆ, ನೀರಿನ ಮೇಲಿನ ತಂಗಾಳಿ ಪುಕ್ಕಟೆ. ಒಂದೇ ಎಚ್ಚರಿಕೆ: ತಡೆಗೋಡೆ ಇಲ್ಲದ ಏರಿಯ ಮೇಲೆ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಿ. ಅಕ್ಕಪಕ್ಕ ಹರಟೆ ಬೇಡ.

ಮೋಸದ ದಾರಿಯನ್ನು ಗುರುತಿಸಿ

ಕಿರಿದಾದ ರಸ್ತೆಯೆಲ್ಲ ಒಳ್ಳೆಯದು ಅಂದುಕೊಳ್ಳಬೇಡಿ. ರಸ್ತೆ ಬದಿಯ ಹೊಂಗೆ ಮರದ ಎಲೆ ನೋಡಿ. ಎಲೆಯ ಮೇಲೆ ಬಿಳಿ ಧೂಳು ಕೂತಿದ್ದರೆ ಮುಂದೆ ಎಲ್ಲೋ ಜಲ್ಲಿ ಕ್ರಷರ್ ಇರಬಹುದು, ಟಿಪ್ಪರುಗಳು ಬರುತ್ತಿರಬಹುದು. ಕಿರಿದಾದ ರಸ್ತೆಯಲ್ಲಿ ಓಡುವ ಟಿಪ್ಪರು ಹೈವೇ ಲಾರಿಗಿಂತ ಅಪಾಯ. ಅಂಥ ದಾರಿ ಬಿಟ್ಟುಬಿಡಿ.

ಸುಗ್ಗಿ ಕಾಲದಲ್ಲಿ ರಾಗಿ ತೆನೆ, ಹುರುಳಿ ಗಿಡಗಳನ್ನು ರಸ್ತೆ ಮೇಲೆ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತೆ. ಇಳಿದು ತಳ್ಳಿಕೊಂಡು ಹೋಗಿ. ಅದರಲ್ಲಿ ಅವಮಾನ ಏನೂ ಇಲ್ಲ.

ದಾರಿಗಳೂ ಬದಲಾಗುತ್ತವೆ

ಹಳೇ ಮದ್ರಾಸು ರಸ್ತೆಯ ಬೂದಿಗೆರೆ ಕ್ರಾಸಿನಿಂದ ಮಂಡೂರು, ಬೂದಿಗೆರೆ ಮೇಲೆ ದೇವನಹಳ್ಳಿ ಕಡೆಗೆ ಒಂದು ರಸ್ತೆ ಇದೆಯಲ್ಲ, ಒಂದು ಕಾಲಕ್ಕೆ ಭಾನುವಾರ ನಾವು ಗೆಳೆಯರು ಮರ್ಫಿ ಟೌನ್‌ನಿಂದ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಿದ್ದೆವು. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾಯ್ತು. ಪೂರ್ವ ಬೆಂಗಳೂರಿನ ಜನಕ್ಕೆ ಅಲ್ಲಿಗೆ ಹೋಗಲು ಇದೇ ರಸ್ತೆ ಅನುಕೂಲ ಆಯ್ತು. ಈಗ ಅಲ್ಲಿ ಮಕ್ಕಳನ್ನು ಸೈಕಲ್ ಮೇಲೆ ಕಳಿಸಲು ನನಗೆ ಧೈರ್ಯ ಇಲ್ಲ.

ನಮ್ಮ ಸುತ್ತಲೂ ಹೊಸ ರಸ್ತೆಗಳು ಬಂದಿವೆ. ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ ಕಡೆಯಿಂದ ಹಾದುಹೋಗುವ ಉಪನಗರ ವರ್ತುಲ ರಸ್ತೆ ಒಂದು, ಹೊಸಕೋಟೆಯಿಂದ ಹೊರಡುವ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಇನ್ನೊಂದು. ಇವುಗಳಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಕೆಲವು ಹಳೇ ರಸ್ತೆಗಳ ಲಾರಿಗಳು ಅಲ್ಲಿಗೆ ಹೋಗಿ, ಆ ರಸ್ತೆಗಳು ಹಗುರಾಗುತ್ತವೆ. ಆದರೆ ಹೆದ್ದಾರಿಗೆ ಹತ್ತುವ ಜಾಗ ಮುಟ್ಟಲು ವಾಹನಗಳು ನುಗ್ಗುವ ಸಣ್ಣ ರಸ್ತೆಗಳು ಕೆಡುತ್ತವೆ. ಅದಕ್ಕೇ ಹೋದ ವರ್ಷ ಚೆನ್ನಾಗಿದ್ದ ದಾರಿ ಈ ವರ್ಷವೂ ಚೆನ್ನಾಗಿದೆ ಅಂತ ನಂಬಬೇಡಿ. ಮತ್ತೆ ಮತ್ತೆ ನೋಡುತ್ತಿರಬೇಕು.

ಸುತ್ತು ದಾರಿಯ ಬೆಲೆ ಎಷ್ಟು?

"ಒಳದಾರಿ ಸುತ್ತು ಸಾರ್" ಅಂತೀರಲ್ಲ, ಲೆಕ್ಕ ಹಾಕೋಣ. ಒಳದಾರಿ 3 ಕಿ.ಮೀ. ಜಾಸ್ತಿ ಅಂದುಕೊಳ್ಳಿ. ನೀವು ಗಂಟೆಗೆ 12 ಕಿ.ಮೀ. ತುಳಿಯುತ್ತೀರಿ. ಹೆಚ್ಚಿಗೆ ಬೇಕಾಗುವ ಸಮಯ 15 ನಿಮಿಷ. ಅಂದರೆ ಬೆಳಿಗ್ಗೆ ಕಾಲು ಗಂಟೆ ಮುಂಚೆ ಏಳಬೇಕು. ಇಷ್ಟೇ ಅದರ ಬೆಲೆ. ನಿಧಾನವೇ ಪ್ರಧಾನ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸೈಕಲ್ಲಿನಲ್ಲಿ ದೂರ ಹೋಗೋಕೆ ಆಗಲ್ಲ ಅಂತಲೂ ತಿಳಿಯಬೇಡಿ. ಫ್ರಾನ್ಸಿನ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರುವ ಸುಮಾರು 1200 ಕಿ.ಮೀ. ಸವಾರಿ 1891ರಲ್ಲಿ ಶುರುವಾಯ್ತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತೆ, ಪೂರೈಸಲು ಹೆಚ್ಚೆಂದರೆ 90 ಗಂಟೆ. ಬೆಂಗಳೂರಿನ ಸವಾರರೂ ಅದರಲ್ಲಿ ಭಾಗವಹಿಸಿದ್ದಾರೆ. ಅದಕ್ಕೆ ತಯಾರಿಯಾಗಿ 200, 300, 400, 600 ಕಿ.ಮೀ.ಗಳ ಸವಾರಿ ಮುಗಿಸಬೇಕು. ಮುಂದೆ ನಿಮ್ಮಲ್ಲೂ ಒಬ್ಬರು ಹೋಗಬಹುದು. ಅಲ್ಲಿಯವರೆಗೆ ಕೈಕಾಲು ಗಟ್ಟಿಯಾಗಿರಲಿ.

ಈಗ ನಿಮಗೊಂದು ಕೆಲಸ

ಮೂರು ಮೂರು ಜನರ ಗುಂಪು ಮಾಡಿಕೊಳ್ಳಿ. ನಿಮ್ಮ ಮನೆಯಿಂದ ಶಾಲೆಗೆ ಎಷ್ಟು ದಾರಿ ಇವೆಯೋ ಅಷ್ಟನ್ನೂ ಕಾಗದದ ಮೇಲೆ ಬರೆಯಿರಿ. ಒಂದೊಂದು ದಾರಿಯಲ್ಲೂ ಮನೆಯವರೊಬ್ಬರ ಜೊತೆ, ರಸ್ತೆಯಿಂದ ದೂರ ಸರಿದು ನಿಂತು, ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ವಾಹನ ಎಣಿಸಿ. ಲಾರಿ ಮತ್ತು ಟಿಪ್ಪರ್ ಬೇರೆ, ಕಾರು ಬೇರೆ, ಬೈಕು ಬೇರೆ, ಟ್ರ್ಯಾಕ್ಟರ್ ಮತ್ತು ಎತ್ತಿನಗಾಡಿ ಬೇರೆ. ಕೆರೆ ಏರಿ, ನಾಯಿ ಕಾಟ, ಹಳ್ಳ, ನೆರಳು, ಕುಡಿಯುವ ನೀರು, ಪಂಚರ್ ಅಂಗಡಿ, ಎಲ್ಲಕ್ಕೂ ಒಂದೊಂದು ಗುರುತು ಹಾಕಿ. ಹಸಿರು ಪೆನ್ಸಿಲ್ಲಿನಲ್ಲಿ ಒಳ್ಳೆಯ ದಾರಿ, ಕೆಂಪಿನಲ್ಲಿ ಬೇಡದ ದಾರಿ. ಎಲ್ಲ ಗುಂಪಿನ ನಕ್ಷೆ ಸೇರಿಸಿ ನಮ್ಮ ಶಾಲೆಯ ದೊಡ್ಡ ನಕ್ಷೆ ಮಾಡೋಣ. ಮುಂದಿನ ಪಾಲಕರ ಸಭೆಯಲ್ಲಿ ಅದನ್ನು ಇಡೋಣ, ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಡೋಣ. ಯಾವ ದಾರಿಯ ಗುಂಡಿ ಮೊದಲು ಮುಚ್ಚಬೇಕು ಅಂತ ನಾವೇ ತೋರಿಸಿದ ಹಾಗಾಗುತ್ತೆ.

ಈ ಲೇಖನದ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇನೆ. ಮೊದಲು ನಕ್ಷೆ ತಂದ ಗುಂಪು ಅಲ್ಲಿ ಅಂಟಿಸಲಿ.